ಕೈಯಲ್ಲಿ ಹಣ ಕಡಿಮೆ ಇರುವಾಗ ಕಾಲೇಜು ಆರಿಸಿಕೊಳ್ಳುವ ಕ್ರಮ: ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ವಿದ್ಯಾರ್ಥಿಗಳಿಗೆ ಸಮಗ್ರ ಮಾರ್ಗದರ್ಶಿ

ದ್ವಿತೀಯ ಪಿಯುಸಿ ಫಲಿತಾಂಶ ಬಂದ ವಾರದಲ್ಲಿ ನಮ್ಮ ಭಾಗದ ಅನೇಕ ಮನೆಗಳಲ್ಲಿ ಒಂದೇ ತಪ್ಪು ನಡೆಯುತ್ತದೆ. ಪರಿಚಯದವರು ಹೇಳಿದ ಕಾಲೇಜಿಗೆ ಹೋಗಿ, ಸೀಟು ತುಂಬಿಬಿಡುತ್ತದೆ ಎಂಬ ಮಾತಿಗೆ ಹೆದರಿ, ಐದೋ ಹತ್ತೋ ಸಾವಿರ ಮುಂಗಡ ಕಟ್ಟಿ, ಮೂಲ ಅಂಕಪಟ್ಟಿಯನ್ನೂ ಒಪ್ಪಿಸಿ ಬರುತ್ತಾರೆ. ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವುದು, ವಸತಿ ನಿಲಯ ವಿಚಾರಿಸುವುದು, ಕೋರ್ಸು ಮುಗಿಯುವವರೆಗಿನ ಒಟ್ಟು ಖರ್ಚು ಲೆಕ್ಕ ಹಾಕುವುದು ಇವೆಲ್ಲ ಅದಾದ ಮೇಲೆ ನೆನಪಾಗುತ್ತವೆ. ಆ ಹೊತ್ತಿಗೆ ಸರ್ಕಾರಿ ವಸತಿ ನಿಲಯದ ಅರ್ಜಿಯ ದಿನಾಂಕ ಮುಗಿದಿರುತ್ತದೆ ಮತ್ತು ಕಟ್ಟಿದ ಮುಂಗಡದ ಮುಲಾಜಿಗೆ ಬಿದ್ದು ಅದೇ ಕಾಲೇಜಿನಲ್ಲಿ ಮುಂದುವರಿಯಬೇಕಾಗುತ್ತದೆ.

ನಾನು ಪ್ರತಿ ವರ್ಷ ಮೇ ತಿಂಗಳಿನಿಂದ ಆಗಸ್ಟ್‌ವರೆಗೆ ಇಂಥ ಮಕ್ಕಳ ಜೊತೆ ಕುಳಿತು ಅರ್ಜಿ ತುಂಬಿಸುತ್ತೇನೆ. ಎರಡನೆಯ ವರ್ಷದಲ್ಲಿ ಓದು ನಿಲ್ಲಿಸಿದವರ ಕಥೆ ಕೇಳಿದಾಗ, ಹೆಚ್ಚಿನವರಿಗೆ ಮೊದಲ ವರ್ಷದ ಶುಲ್ಕ ದೊಡ್ಡ ತೊಂದರೆ ಆಗಿರಲಿಲ್ಲ. ಆಮೇಲಿನ ಖೋಲಿ ಬಾಡಿಗೆ, ಊಟ ಮತ್ತು ಸಮಯಕ್ಕೆ ಬಾರದ ವಿದ್ಯಾರ್ಥಿವೇತನ ಅವರನ್ನು ಹಿಂದಕ್ಕೆ ಎಳೆದಿದ್ದವು. ಆದ್ದರಿಂದ ಕೆಳಗಿನ ಹಂತಗಳನ್ನು ಬರೆದ ಕ್ರಮದಲ್ಲಿಯೇ ಮಾಡಬೇಕೆಂದು ಕೇಳಿಕೊಳ್ಳುತ್ತೇನೆ. ಎಂಟನೆಯ ಹಂತಕ್ಕೆ ಮುಂಚೆ ಯಾವ ಕಾಲೇಜಿಗೂ ಒಂದು ರೂಪಾಯಿಯನ್ನೂ ಕಟ್ಟಬೇಡಿ.

ಮೊದಲು ಜೋಡಿಸಿಕೊಳ್ಳಬೇಕಾದ ವಸ್ತುಗಳು

ಒಂದು ಇನ್ನೂರು ಪುಟದ ನೋಟ್‌ಬುಕ್, ನೀರು ತಾಗದ ಒಂದು ಫೈಲು, ವಿದ್ಯಾರ್ಥಿಯ ಆಧಾರ್‌ಗೆ ಜೋಡಣೆಯಾಗಿರುವ ಮೊಬೈಲ್ ಸಂಖ್ಯೆ ಮತ್ತು ವಿದ್ಯಾರ್ಥಿಯ ಸ್ವಂತ ಹೆಸರಿನ ಉಳಿತಾಯ ಖಾತೆ ಇಷ್ಟು ಸಾಕು. ಮೊಬೈಲ್ ಸಂಖ್ಯೆಯ ವಿಷಯದಲ್ಲಿ ಎಚ್ಚರ ಬೇಕು. ಸೈಬರ್ ಅಂಗಡಿಯವರ ಸಂಖ್ಯೆಯನ್ನೋ, ದುಡಿಯಲು ಪುಣೆಗೆ ಹೋಗಿರುವ ಅಣ್ಣನ ಸಂಖ್ಯೆಯನ್ನೋ ಅರ್ಜಿಯಲ್ಲಿ ಕೊಟ್ಟರೆ, ಒಟಿಪಿ ಬರುವ ದಿನ ಅವರು ಸಿಗದೆ ಅರ್ಜಿ ಅರ್ಧಕ್ಕೆ ನಿಲ್ಲುತ್ತದೆ.

ಹಂತ 1: ಫಲಿತಾಂಶಕ್ಕೆ ಕಾಯದೆ ಪ್ರಮಾಣಪತ್ರಗಳನ್ನು ಸಿದ್ಧಪಡಿಸುವುದು

ಸಿಇಟಿ ಬರೆಯುವವರು ಈ ಕೆಲಸವನ್ನು ದ್ವಿತೀಯ ಪಿಯುಸಿಯ ಡಿಸೆಂಬರ್‌ನೊಳಗೆ ಮುಗಿಸಬೇಕು. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಅರ್ಜಿ ಇತ್ತೀಚಿನ ವರ್ಷಗಳಲ್ಲಿ ಜನವರಿಯ ಆಸುಪಾಸಿನಲ್ಲಿಯೇ ಆರಂಭವಾಗುತ್ತಿದ್ದು, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಮೇಲಿರುವ ಆರ್‌ಡಿ ಸಂಖ್ಯೆಯನ್ನು ಅಲ್ಲಿಯೇ ನಮೂದಿಸಬೇಕಾಗುತ್ತದೆ.

ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಿ. ಆದಾಯ ಪ್ರಮಾಣಪತ್ರದ ಅವಧಿ 5 ವರ್ಷ. ಹತ್ತನೆಯ ತರಗತಿಗಿಂತ ಮುಂಚೆ ಮಾಡಿಸಿದ್ದನ್ನು ಇನ್ನೂ ನಡೆಯುತ್ತದೆ ಎಂದು ಇಟ್ಟುಕೊಂಡು, ಅರ್ಜಿ ತುಂಬುವ ದಿನ ಅವಧಿ ಮೀರಿದೆ ಎಂದು ತಿಳಿದು ಓಡಾಡುವವರು ಪ್ರತಿ ವರ್ಷವೂ ಇರುತ್ತಾರೆ. ಅರ್ಜಿ ಕೊಟ್ಟ ಮೇಲೆ ಗ್ರಾಮ ಆಡಳಿತ ಅಧಿಕಾರಿ ಮನೆಯ ಸ್ಥಿತಿಯನ್ನು ವಿಚಾರಿಸುವಾಗ ದುಡಿಯುವವರು ಎಷ್ಟು ಜನ, ಜಮೀನು ಒಣಬೇಸಾಯದ್ದೋ ನೀರಾವರಿಯದ್ದೋ ಎಂಬುದನ್ನು ಸರಿಯಾಗಿ ತಿಳಿಸಬೇಕು.

ಹೆಸರು ಮತ್ತು ಜನ್ಮ ದಿನಾಂಕ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಮತ್ತು ಜಾತಿ ಪ್ರಮಾಣಪತ್ರ ಈ ನಾಲ್ಕರಲ್ಲಿಯೂ ಒಂದೇ ರೀತಿ ಇವೆಯೇ ಎಂದು ಅಕ್ಷರ ಅಕ್ಷರವಾಗಿ ಹೋಲಿಸಿ. ನಮ್ಮ ಭಾಗದಲ್ಲಿ ಒಂದು ಕಡೆ ತಂದೆಯ ಹೆಸರು ಮತ್ತು ಅಡ್ಡಹೆಸರು ಸೇರಿ, ಇನ್ನೊಂದು ಕಡೆ ಬರೀ ಹೆಸರಷ್ಟೇ ಇರುವುದು ಬಹಳ ಸಾಮಾನ್ಯ. ವ್ಯತ್ಯಾಸವಿದ್ದರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಆಧಾರವಾಗಿಟ್ಟುಕೊಂಡು ಉಳಿದವುಗಳನ್ನು ತಿದ್ದಿಸುವುದು ಸುಲಭದ ದಾರಿ.

ಬ್ಯಾಂಕಿಗೆ ಹೋದಾಗ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಎಂದಷ್ಟೇ ಕೇಳಿ ಬರಬೇಡಿ. ನೇರ ನಗದು ವರ್ಗಾವಣೆಗೆ ಎನ್‌ಪಿಸಿಐ ಮ್ಯಾಪಿಂಗ್ (ಸರ್ಕಾರದ ಹಣ ಯಾವ ಖಾತೆಗೆ ಬರಬೇಕೆಂದು ಆಧಾರ್‌ಗೆ ಗುರುತು ಹಾಕುವುದು) ಆಗಿದೆಯೇ, ಆಗಿದ್ದರೆ ಯಾವ ಬ್ಯಾಂಕಿನ ಖಾತೆಗೆ ಆಗಿದೆ ಎಂದು ಕೇಳಬೇಕು. ಹಿಂದೆ ಎಂದೋ ಶಾಲೆಯಲ್ಲಿ ತೆರೆಸಿದ, ಈಗ ವ್ಯವಹಾರವಿಲ್ಲದೆ ನಿಂತುಹೋಗಿರುವ ಖಾತೆಗೆ ಮ್ಯಾಪಿಂಗ್ ಉಳಿದುಕೊಂಡಿದ್ದರೆ, ವಿದ್ಯಾರ್ಥಿವೇತನ ಮಂಜೂರಾದರೂ ಹಣ ಕೈಸೇರುವುದಿಲ್ಲ.

ಸಿಇಟಿ ಮೀಸಲಾತಿಗೆ ಬೇಕಾಗುವ ವ್ಯಾಸಂಗ ಪ್ರಮಾಣಪತ್ರಗಳನ್ನು ಓದಿದ ಶಾಲೆಗಳಿಂದ ಈಗಲೇ ಪಡೆದುಕೊಳ್ಳಿ. ಗ್ರಾಮೀಣ ಮೀಸಲಾತಿ ಮತ್ತು ಕನ್ನಡ ಮಾಧ್ಯಮ ಮೀಸಲಾತಿ ಎರಡಕ್ಕೂ ಒಂದರಿಂದ ಹತ್ತನೆಯ ತರಗತಿಯವರೆಗೆ, ಅಂದರೆ ಪೂರ್ತಿ ಹತ್ತು ವರ್ಷ, ಹಾಗೆ ಓದಿರಬೇಕು. ನಿಪ್ಪಾಣಿ, ಖಾನಾಪುರದ ಕಡೆ ಪ್ರಾಥಮಿಕ ಹಂತವನ್ನು ಮರಾಠಿಯಲ್ಲಿ ಓದಿ ಪ್ರೌಢಶಾಲೆಗೆ ಕನ್ನಡಕ್ಕೆ ಬಂದ ಮಕ್ಕಳು ಕನ್ನಡ ಮಾಧ್ಯಮದ ಸೌಲಭ್ಯವನ್ನು ಲೆಕ್ಕಕ್ಕೆ ಹಿಡಿಯಬಾರದು.

ಇನ್ನೊಂದು ಗೊಂದಲವನ್ನು ಇಲ್ಲಿಯೇ ಬಗೆಹರಿಸಿಕೊಳ್ಳಬೇಕು. ಸಂವಿಧಾನದ 371(ಜೆ) ವಿಧಿಯ ಸೌಲಭ್ಯ ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಮತ್ತು ವಿಜಯನಗರ ಜಿಲ್ಲೆಗಳಿಗೆ ಸೇರಿದ್ದು. ವಿಜಯಪುರ, ಬಾಗಲಕೋಟೆ, ಬೆಳಗಾವಿ ಅದರಲ್ಲಿ ಇಲ್ಲ. ಸಿಂದಗಿ, ತಾಳಿಕೋಟೆ ಕಡೆಯವರಿಗೆ ಕಲಬುರಗಿ ಹತ್ತಿರವೆನಿಸಿದರೂ, ಅಲ್ಲಿನ ಸೀಟುಗಳಲ್ಲಿ ದೊಡ್ಡ ಪಾಲು ಆ ಭಾಗದ ವಿದ್ಯಾರ್ಥಿಗಳಿಗೆ ಮೀಸಲಾಗಿರುತ್ತದೆ. ನಿಮ್ಮ ಅಂಕಕ್ಕೆ ಅಲ್ಲಿ ಸೀಟು ಸಿಗುವ ಸಾಧ್ಯತೆಯನ್ನು ಅಳೆಯುವಾಗ ಇದು ನೆನಪಿರಲಿ.

ಹಂತ 2: ಮನೆಗೆ ಹಣ ಬರುವ ತಿಂಗಳುಗಳನ್ನು ಬರೆದುಕೊಳ್ಳುವುದು

ಕಾಲೇಜಿನ ಶುಲ್ಕ ಕಟ್ಟುವ ಕಾಲ ಜೂನ್‌ನಿಂದ ಆಗಸ್ಟ್. ಮಿರಗದ ಮಳೆ ಬಿದ್ದು, ಬೀಜ ಮತ್ತು ಗೊಬ್ಬರಕ್ಕೆ ಇದ್ದ ಹಣವೆಲ್ಲ ಹೊಲಕ್ಕೆ ಹೋಗುವ ಕಾಲವೂ ಅದೇ. ತೊಗರಿ ರಾಶಿಯಾಗುವುದು ಡಿಸೆಂಬರ್, ಜನವರಿಗೆ. ಕಬ್ಬು ನುರಿಸುವ ಹಂಗಾಮು ಶುರುವಾಗುವುದು ದೀಪಾವಳಿಯ ಆಸುಪಾಸಿನಲ್ಲಿ, ಬಿಲ್ಲು ಕೈಗೆ ಬರುವುದು ಅದಕ್ಕೂ ತಡವಾಗಿ. ದ್ರಾಕ್ಷಿ ಬೆಳೆದವರಿಗೆ ಬೇಸಿಗೆಯವರೆಗೆ ಕಾಯಬೇಕು. ಹೀಗೆ ವರ್ಷದ ಒಟ್ಟು ಆದಾಯ ಸಾಲುವಂತಿದ್ದರೂ ಜುಲೈ ತಿಂಗಳಿನಲ್ಲಿ ಕೈ ಖಾಲಿ ಇರುತ್ತದೆ. ಬಡ್ಡಿ ಸಾಲ ಹುಟ್ಟುವುದೇ ಈ ಅಂತರದಲ್ಲಿ.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ, ಮನೆಯವರೆಲ್ಲ ಕುಳಿತು, ಮೂರು ಅಂಕಿಗಳನ್ನು ಬರೆಯಿರಿ. ಜೂನ್‌ನಿಂದ ಆಗಸ್ಟ್‌ವರೆಗೆ ಒಟ್ಟಿಗೆ ಕೊಡಲು ಸಾಧ್ಯವಾಗುವ ಮೊತ್ತ ಎಷ್ಟು, ಉಳಿದ ತಿಂಗಳುಗಳಲ್ಲಿ ತಿಂಗಳಿಗೆ ಎಷ್ಟು ಕಳುಹಿಸಬಹುದು, ಮತ್ತು ಸುಗ್ಗಿಯಲ್ಲಿ ಎಷ್ಟು ಸೇರಿಸಬಹುದು. ಕೂಲಿಯ ಮನೆಯಾದರೆ ಅಥವಾ ಇಳಕಲ್ಲ, ರಬಕವಿ-ಬನಹಟ್ಟಿಯ ನೇಕಾರರ ಮನೆಯಾದರೆ ಕೆಲಸವಿಲ್ಲದ ವಾರಗಳನ್ನು ಕಳೆದು ಲೆಕ್ಕ ಹಾಕಿ. ತಾಯಿಯ ಬಂಗಾರವನ್ನು ಅಡವಿಡುವ ಯೋಚನೆಯಿದ್ದರೆ ಅದನ್ನು ಅವರ ಎದುರಿಗೆ, ಅವರ ಒಪ್ಪಿಗೆಯಿಂದ, ಈಗಲೇ ಬರೆಯಬೇಕು; ಕಾಲೇಜಿನ ಕೌಂಟರಿನ ಮುಂದೆ ನಿಂತು ಆ ತೀರ್ಮಾನ ಮಾಡಬಾರದು.

ಹಂತ 3: ಕಾಲೇಜಿನ ಬಗೆ ಮತ್ತು ಸೀಟಿನ ಬಗೆಯನ್ನು ತಿಳಿಯುವುದು

ಸರ್ಕಾರಿ ಪ್ರಥಮ ದರ್ಜೆ ಕಾಲೇಜು, ಅನುದಾನಿತ ಕಾಲೇಜು ಮತ್ತು ಅನುದಾನರಹಿತ ಖಾಸಗಿ ಕಾಲೇಜು ಎಂಬ ಮೂರು ಬಗೆಗಳಲ್ಲಿ ಶುಲ್ಕ ಸಾಮಾನ್ಯವಾಗಿ ಇದೇ ಕ್ರಮದಲ್ಲಿ ಏರುತ್ತದೆ. ಇಲ್ಲಿ ಹೆಚ್ಚಿನವರು ಎಡವುವುದು ಎರಡನೆಯ ಬಗೆಯಲ್ಲಿ. ಕಾಲೇಜು ಅನುದಾನಿತ, ಅಂದರೆ ಸರ್ಕಾರದ ಹಣದ ನೆರವು ಪಡೆಯುವಂಥದ್ದು, ಎಂದ ಮಾತ್ರಕ್ಕೆ ಅಲ್ಲಿನ ಎಲ್ಲ ಕೋರ್ಸುಗಳೂ ಅನುದಾನಿತವಾಗಿರುವುದಿಲ್ಲ. ಹಳೆಯ ಬಿ.ಎ., ಬಿ.ಕಾಂ., ಬಿ.ಎಸ್ಸಿ. ವಿಭಾಗಗಳಿಗೆ ಅನುದಾನವಿದ್ದು, ಅದೇ ಕಟ್ಟಡದಲ್ಲಿ ನಡೆಯುವ ಬಿ.ಸಿ.ಎ., ಬಿ.ಬಿ.ಎ. ಅನುದಾನರಹಿತವಾಗಿರುವುದು ಬಹಳ ಕಡೆ ಕಾಣುತ್ತದೆ. ಆದ್ದರಿಂದ ಪ್ರಶ್ನೆಯನ್ನು ಕಾಲೇಜಿನ ಬಗ್ಗೆ ಕೇಳದೆ ಕೋರ್ಸಿನ ಬಗ್ಗೆ ಕೇಳಿ: ಈ ಕೋರ್ಸು, ಈ ವಿಭಾಗ, ಅನುದಾನಕ್ಕೆ ಒಳಪಟ್ಟಿದೆಯೇ?

ಪದವಿ ಈಗ ಮತ್ತೆ ಮೂರು ವರ್ಷದ್ದಾಗಿದೆ; 2024-25ರಿಂದ ರಾಜ್ಯದಲ್ಲಿ ನಾಲ್ಕು ವರ್ಷದ ಪದ್ಧತಿಯನ್ನು ಕೈಬಿಡಲಾಗಿದೆ. ಖರ್ಚನ್ನು ಮೂರು ವರ್ಷಕ್ಕೆ ಲೆಕ್ಕ ಹಾಕಿ. ನಿಮ್ಮ ಕಾಲೇಜು ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ ಸೇರಿದೆಯೋ, ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯಕ್ಕೆ ಸೇರಿದೆಯೋ ಅಥವಾ ಬಾಗಲಕೋಟೆ ವಿಶ್ವವಿದ್ಯಾಲಯಕ್ಕೆ ಸೇರಿದೆಯೋ ಎಂಬುದನ್ನೂ ಬರೆದಿಟ್ಟುಕೊಳ್ಳಿ. ಪರೀಕ್ಷಾ ಶುಲ್ಕ ನಿಗದಿಯಾಗುವುದು ಅಲ್ಲಿಂದ.

ಎಂಜಿನಿಯರಿಂಗ್ ಬಯಸುವವರು ಸೀಟಿನ ಬಗೆಯನ್ನು ತಿಳಿಯದೆ ಹೆಜ್ಜೆ ಇಡಬಾರದು. ಒಂದೇ ತರಗತಿಯಲ್ಲಿ ಅಕ್ಕಪಕ್ಕ ಕೂರುವ ಇಬ್ಬರಲ್ಲಿ ಒಬ್ಬರು ಸಿಇಟಿಯ ಸರ್ಕಾರಿ ಕೋಟಾದಲ್ಲಿ ಬಂದಿರುತ್ತಾರೆ, ಇನ್ನೊಬ್ಬರು ಆಡಳಿತ ಮಂಡಳಿ ಕೋಟಾದಲ್ಲಿ ಅದರ ಹಲವು ಪಟ್ಟು ಕಟ್ಟಿರುತ್ತಾರೆ. ಬಡ ಕುಟುಂಬಗಳಿಗೆ ಬಹಳ ಉಪಯುಕ್ತವಾದ, ಆದರೆ ಕಡಿಮೆ ಜನ ಕೇಳುವ ಸೌಲಭ್ಯವೆಂದರೆ ಎಸ್‌ಎನ್‌ಕ್ಯೂ. ಮಂಜೂರಾದ ಸೀಟುಗಳ ಮೇಲೆ ಹೆಚ್ಚುವರಿಯಾಗಿ ಶೇ 5ರಷ್ಟು ಸೀಟುಗಳನ್ನು ಬೋಧನಾ ಶುಲ್ಕವಿಲ್ಲದೆ ಕೊಡುವ ವ್ಯವಸ್ಥೆಯಿದು. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಗಿಂತ ಕಡಿಮೆ ಇರಬೇಕು. ಸಿಇಟಿ ಅರ್ಜಿಯಲ್ಲಿ ಈ ಸೌಲಭ್ಯವನ್ನು ಕೋರಿ ಆದಾಯದ ವಿವರ ಕೊಟ್ಟಿದ್ದರೆ ಮಾತ್ರ ಇದು ಸಿಗುತ್ತದೆ. ಬೋಧನಾ ಶುಲ್ಕ ಬಿಟ್ಟರೂ ವಿಶ್ವವಿದ್ಯಾಲಯದ ಮತ್ತು ಇತರ ಶುಲ್ಕಗಳನ್ನು ಕಟ್ಟಬೇಕೆಂಬುದು ತಿಳಿದಿರಲಿ. ಡೀಮ್ಡ್ ವಿಶ್ವವಿದ್ಯಾಲಯಗಳಲ್ಲಿ (ವಿಶ್ವವಿದ್ಯಾಲಯದ ಸ್ಥಾನಮಾನ ಪಡೆದ ಸಂಸ್ಥೆಗಳಲ್ಲಿ) ಶುಲ್ಕದ ನಿಯಮಗಳೇ ಬೇರೆ ಇರುತ್ತವೆ. ಒಂದೇ ಸಂಸ್ಥೆಯ ಹೆಸರಿನಲ್ಲಿ ಡೀಮ್ಡ್ ವಿಶ್ವವಿದ್ಯಾಲಯವೂ ಬೇರೆ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜೂ ಇದ್ದರೆ, ನಿಮ್ಮ ಸೀಟು ಯಾವುದರದ್ದು ಎಂದು ಖಚಿತಪಡಿಸಿಕೊಳ್ಳಿ.

ಹತ್ತನೆಯ ತರಗತಿಯಲ್ಲಿ ತಂಗಿಯೋ ತಮ್ಮನೋ ಇದ್ದರೆ ಡಿಪ್ಲೊಮಾ ದಾರಿಯನ್ನು ಈಗಲೇ ತೋರಿಸಿಕೊಡಿ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೂರೂ ಕಡೆ ಸರ್ಕಾರಿ ಪಾಲಿಟೆಕ್ನಿಕ್ ಇದೆ. ಮೂರು ವರ್ಷದ ಡಿಪ್ಲೊಮಾ ಮುಗಿಸಿ, ಡಿಪ್ಲೊಮಾದವರಿಗಾಗಿ ಇರುವ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು, ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ನಡುವೆ ಹಣ ಸಾಲದಿದ್ದರೆ ಡಿಪ್ಲೊಮಾದ ಬಲದಿಂದ ಕೆಲಸಕ್ಕೆ ಸೇರುವ ಅವಕಾಶವೂ ಉಳಿಯುತ್ತದೆ. ನನ್ನ ಅಭಿಪ್ರಾಯದಲ್ಲಿ ಕೈ ಬಿಗಿಯಿರುವ ಮನೆಗೆ ಇದಕ್ಕಿಂತ ಸುರಕ್ಷಿತವಾದ ತಾಂತ್ರಿಕ ಶಿಕ್ಷಣದ ದಾರಿ ಇಲ್ಲ.

ಹಂತ 4: ಕೋರ್ಸು ಮುಗಿಯುವವರೆಗಿನ ಪೂರ್ತಿ ಲೆಕ್ಕ

ಪ್ರತಿ ಕಾಲೇಜಿಗೆ ಒಂದು ಪುಟ ಮೀಸಲಿಡಿ. ಪ್ರವೇಶ ಶುಲ್ಕ, ಪ್ರತಿ ವರ್ಷದ ಬೋಧನಾ ಶುಲ್ಕ, ಪ್ರತಿ ಸೆಮಿಸ್ಟರಿನ ಪರೀಕ್ಷಾ ಶುಲ್ಕ, ಸಮವಸ್ತ್ರ, ಪುಸ್ತಕ, ಪ್ರಯೋಗಾಲಯ, ಪ್ರಾಜೆಕ್ಟ್, ಖೋಲಿ ಬಾಡಿಗೆ ಮತ್ತು ಅದರ ಮುಂಗಡ, ಖಾನಾವಳಿ ಅಥವಾ ಮೆಸ್, ಊರಿಗೆ ಹೋಗಿಬರುವ ಖರ್ಚು, ಮೊಬೈಲ್ ರೀಚಾರ್ಜ್ ಇವೆಲ್ಲವನ್ನೂ ಮೂರು ವರ್ಷಕ್ಕೆ ಅಥವಾ ನಾಲ್ಕು ವರ್ಷಕ್ಕೆ ಗುಣಿಸಿ ಬರೆಯಿರಿ.

ಲೆಕ್ಕ ಹೇಗೆ ತಿರುಗುತ್ತದೆ ಎಂಬುದನ್ನು ತೋರಿಸಲು ಒಂದು ಉದಾಹರಣೆ ಕೊಡುತ್ತೇನೆ. ಇಲ್ಲಿನ ಅಂಕಿಗಳು ಲೆಕ್ಕ ಕಲಿಯಲೆಂದು ಊಹಿಸಿಕೊಂಡವು. ನಿಮ್ಮ ಪುಟದಲ್ಲಿ ನೀವೇ ವಿಚಾರಿಸಿ ತಂದ ಅಂಕಿಗಳಿರಬೇಕು. ಇಂಡಿ ತಾಲ್ಲೂಕಿನ ಒಬ್ಬ ಹುಡುಗಿ ಬಿ.ಕಾಂ. ಸೇರಬೇಕಾಗಿದೆ ಎಂದುಕೊಳ್ಳೋಣ. ತಾಲ್ಲೂಕು ಕೇಂದ್ರದ ಸರ್ಕಾರಿ ಕಾಲೇಜಿಗೆ ಮನೆಯಿಂದಲೇ ಬಸ್ಸಿನಲ್ಲಿ ಹೋಗಿ ಬಂದರೆ, ಶುಲ್ಕ, ಪರೀಕ್ಷೆ, ಪುಸ್ತಕ ಮತ್ತು ಇತರೆ ಸೇರಿ ವರ್ಷಕ್ಕೆ 12,000, ಮೂರು ವರ್ಷಕ್ಕೆ 36,000 ರೂಪಾಯಿ ಆಗುತ್ತದೆ.

ನಗರದ ಖಾಸಗಿ ಕಾಲೇಜೊಂದು ಮೊದಲ ವರ್ಷ 8,000 ಮಾತ್ರ ಎನ್ನುತ್ತದೆ. ಮುಂದಿನ ಎರಡು ವರ್ಷ ತಲಾ 20,000 ಆದರೆ ಕಾಲೇಜು ಶುಲ್ಕವೇ 48,000. ಪರೀಕ್ಷೆಗೆ 7,500, ಸಮವಸ್ತ್ರ ಮತ್ತು ಇತರ ವಸೂಲಿ 12,000, ಪುಸ್ತಕ ಮತ್ತು ಕೈಖರ್ಚು 15,000. ಖೋಲಿ ತಿಂಗಳಿಗೆ 1,500ರಂತೆ ವರ್ಷಕ್ಕೆ ಹತ್ತು ತಿಂಗಳು ಹಿಡಿದರೆ ಮೂರು ವರ್ಷಕ್ಕೆ 45,000, ಅದರ ಮುಂಗಡ 5,000, ಮೆಸ್ ತಿಂಗಳಿಗೆ 2,500ರಂತೆ 75,000. ಎಲ್ಲ ಸೇರಿ 2,07,500 ರೂಪಾಯಿ. ಅದೇ ಹುಡುಗಿಗೆ ಸರ್ಕಾರಿ ವಸತಿ ನಿಲಯ ಸಿಕ್ಕಿದರೆ ಖೋಲಿ, ಮುಂಗಡ, ಮೆಸ್ ಸೇರಿ 1,25,000 ಕಡಿಮೆಯಾಗಿ ಲೆಕ್ಕ 82,500ಕ್ಕೆ ಇಳಿಯುತ್ತದೆ. ಶುಲ್ಕಕ್ಕಿಂತ ವಸತಿ ಮತ್ತು ಊಟವೇ ದೊಡ್ಡ ಖರ್ಚು ಎಂಬುದು ಹೀಗೆ ಬರೆದಾಗ ಕಣ್ಣಿಗೆ ಬೀಳುತ್ತದೆ. ಕಾಲೇಜು ಕಾಲೇಜಿನ ನಡುವೆ ಎರಡು ಸಾವಿರದ ವ್ಯತ್ಯಾಸಕ್ಕೆ ವಾರಗಟ್ಟಲೆ ಚರ್ಚಿಸಿ, ವಸತಿ ನಿಲಯದ ಅರ್ಜಿಯನ್ನು ಮರೆಯುವ ಮನೆಗಳನ್ನು ನಾನು ಕಂಡಿದ್ದೇನೆ.

ಅನುತ್ತೀರ್ಣವಾದರೆ ಆಗುವ ಖರ್ಚನ್ನೂ ಯೋಚಿಸಬೇಕು. ಹತ್ತನೆಯವರೆಗೆ ಕನ್ನಡದಲ್ಲಿ ಓದಿ, ಇಂಗ್ಲಿಷ್ ಮಾಧ್ಯಮದ ಕೋರ್ಸಿಗೆ ಹೋಗುವವರು ಮೊದಲ ಎರಡು ಸೆಮಿಸ್ಟರುಗಳಲ್ಲಿ ಒಂದೆರಡು ವಿಷಯ ಉಳಿಸಿಕೊಳ್ಳುವುದುಂಟು. ಮತ್ತೆ ಪರೀಕ್ಷೆ ಕಟ್ಟುವ ಶುಲ್ಕಕ್ಕಿಂತ, ಅನುತ್ತೀರ್ಣತೆಯಿಂದ ವಿದ್ಯಾರ್ಥಿವೇತನ ತಪ್ಪುವ ಸಾಧ್ಯತೆ ಹೆಚ್ಚು ಹೊರೆಯಾದದ್ದು.

ಹಂತ 5: ವಸತಿ ನಿಲಯ ಮತ್ತು ಬಸ್ಸು

ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡಗಳ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ ಮತ್ತು ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಗಳ ಮೆಟ್ರಿಕ್ ನಂತರದ ವಸತಿ ನಿಲಯಗಳಿಗೆ ರಾಜ್ಯ ವಸತಿ ನಿಲಯ ಪೋರ್ಟಲಿನಲ್ಲಿ ಅರ್ಜಿ ಹಾಕಬೇಕು. ಇಲಾಖೆಯ ತಾಲ್ಲೂಕು ಕಚೇರಿಗೆ ಮೇ ತಿಂಗಳಿನಲ್ಲಿಯೇ ಹೋಗಿ, ನೀವು ನೋಡಿರುವ ಕಾಲೇಜಿಗೆ ಹತ್ತಿರದ ನಿಲಯ ಯಾವುದು, ಕಳೆದ ವರ್ಷ ಎಷ್ಟು ಅರ್ಜಿ ಬಂದಿದ್ದವು, ಎಷ್ಟು ಸ್ಥಾನ ಖಾಲಿಯಿದ್ದವು ಎಂದು ಕೇಳಿ. ನಗರದ ನಿಲಯಗಳಿಗೆ ನೂಕುನುಗ್ಗಲು ಇರುವಾಗ ತಾಲ್ಲೂಕು ಕೇಂದ್ರದ ನಿಲಯಗಳಲ್ಲಿ ಸ್ಥಾನ ಉಳಿಯುವುದುಂಟು, ಆದ್ದರಿಂದ ಎರಡನೆಯ ಆಯ್ಕೆಯ ಕಾಲೇಜನ್ನು ಅಂಥ ಊರಿನಲ್ಲಿ ಇಟ್ಟುಕೊಳ್ಳುವುದು ಜಾಣತನ.

ನಿಲಯ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ಊಟ ಮತ್ತು ವಸತಿಯ ನೆರವು ಕೊಡುವ ಯೋಜನೆ ವಿದ್ಯಾಸಿರಿ. ತಿಂಗಳಿಗೆ 1,500 ರೂಪಾಯಿಯಂತೆ ವರ್ಷಕ್ಕೆ ಹತ್ತು ತಿಂಗಳು ಎಂಬ ಲೆಕ್ಕದಲ್ಲಿ ಇದು ಆರಂಭವಾಯಿತು. ಖೋಲಿ ಮಾಡಿದ ಹುಡುಗರು ವಾರಕ್ಕೊಮ್ಮೆ ಊರಿನಿಂದ ಬಸ್ಸಿನಲ್ಲಿ ರೊಟ್ಟಿ ಬುತ್ತಿ ತರಿಸಿಕೊಂಡು, ಪಲ್ಯ ಮಾತ್ರ ಮಾಡಿಕೊಳ್ಳುವ ರೂಢಿ ನಮ್ಮಲ್ಲಿ ಹಿಂದಿನಿಂದಲೂ ಇದೆ. ಅದರಿಂದ ಮೆಸ್ಸಿನ ಖರ್ಚು ನಿಜವಾಗಿಯೂ ಕಡಿಮೆಯಾಗುತ್ತದೆ.

ದಿನವೂ ಓಡಾಡುವ ಹುಡುಗಿಯರಿಗೆ 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಡಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ, ಆದರೆ ಅದು ರಾಜ್ಯದೊಳಗೆ ಮಾತ್ರ. ಚಿಕ್ಕೋಡಿ, ನಿಪ್ಪಾಣಿಯಿಂದ ಕೊಲ್ಹಾಪುರಕ್ಕೋ, ಅಥಣಿಯಿಂದ ಮಿರಜ್‌ಗೋ ಹೋಗಿ ಓದುವ ಯೋಚನೆಯಿದ್ದರೆ ಈ ಲೆಕ್ಕ ಬದಲಾಗುತ್ತದೆ. ಹುಡುಗರು ವಿದ್ಯಾರ್ಥಿ ಪಾಸಿಗೆ ಸೇವಾ ಸಿಂಧು ಮೂಲಕ ಅರ್ಜಿ ಹಾಕಬೇಕು. ವಿಜಯಪುರ ಜಿಲ್ಲೆ ಕಲ್ಯಾಣ ಕರ್ನಾಟಕ ಸಾರಿಗೆ ನಿಗಮಕ್ಕೂ, ಬಾಗಲಕೋಟೆ ಮತ್ತು ಬೆಳಗಾವಿ ಜಿಲ್ಲೆಗಳು ವಾಯವ್ಯ ಸಾರಿಗೆ ನಿಗಮಕ್ಕೂ ಸೇರಿರುವುದರಿಂದ, ಜಿಲ್ಲೆಯ ಗಡಿ ದಾಟಿ ಓದುವವರು ತಮ್ಮ ಪಾಸು ಯಾವ ಬಸ್ಸಿನಲ್ಲಿ ನಡೆಯುತ್ತದೆ ಎಂದು ಡಿಪೋದಲ್ಲಿ ಕೇಳಿಯೇ ಕಾಲೇಜು ನಿರ್ಧರಿಸಬೇಕು. ಒಂದು ಕೆಲಸದ ದಿನ ಕಾಲೇಜಿನ ಸಮಯಕ್ಕೆ ಹೊರಟು, ಸಂಜೆ ಕೊನೆಯ ಬಸ್ಸಿನವರೆಗೆ ನಿಂತು ನೋಡಿ ಬನ್ನಿ. ಪ್ರಯೋಗಾಲಯದ ತರಗತಿ ಮುಗಿಯುವ ಹೊತ್ತಿಗೆ ಊರಿನ ಬಸ್ಸು ಹೋಗಿಬಿಟ್ಟಿರುತ್ತದೆ ಎಂಬುದು ಕಾಗದದ ಲೆಕ್ಕದಲ್ಲಿ ಕಾಣುವುದಿಲ್ಲ.

ಹಂತ 6: ವಿದ್ಯಾರ್ಥಿವೇತನವನ್ನು ಬೇರೆ ಪುಟದಲ್ಲಿ ಬರೆಯುವುದು

ವಿದ್ಯಾರ್ಥಿವೇತನದ ಹಣ ಶುಲ್ಕ ಕಟ್ಟಿದ ಎಷ್ಟೋ ತಿಂಗಳ ಮೇಲೆ ಬರುತ್ತದೆ. ಆದ್ದರಿಂದ ಮೊದಲ ವರ್ಷದ ಪ್ರವೇಶಕ್ಕೆ ಬೇಕಾದ ಹಣದಲ್ಲಿ ಅದನ್ನು ಸೊನ್ನೆ ಎಂದೇ ಹಿಡಿಯಿರಿ. ಬಂದಾಗ ಅದು ಎರಡನೆಯ ವರ್ಷದ ಶುಲ್ಕಕ್ಕೆ ಮೀಸಲಾಗಿರಲಿ. ಈ ಒಂದು ಶಿಸ್ತನ್ನು ಪಾಲಿಸಿದ ಮನೆಯಲ್ಲಿ ಎರಡನೆಯ ವರ್ಷದ ಸಂಕಟ ಬಹಳ ಮಟ್ಟಿಗೆ ಕಡಿಮೆಯಾಗಿದೆ.

ರಾಜ್ಯದ ಬಹುತೇಕ ಇಲಾಖೆಗಳ ವಿದ್ಯಾರ್ಥಿವೇತನ ಮತ್ತು ಶುಲ್ಕ ಮರುಪಾವತಿಗೆ ಎಸ್‌ಎಸ್‌ಪಿ ಎಂಬ ಒಂದೇ ಪೋರ್ಟಲ್ ಇದೆ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಕೇಂದ್ರದ ನೆರವಿನ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ಆದಾಯ ಮಿತಿ 2.5 ಲಕ್ಷ ರೂಪಾಯಿ. ರೈತರ ಮಕ್ಕಳಿಗಾಗಿ 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿಯಲ್ಲಿ ಬಿ.ಎ., ಬಿ.ಕಾಂ., ಬಿ.ಎಸ್ಸಿ.ಯಂಥ ಪದವಿಗೆ ಹುಡುಗರಿಗೆ 5,000 ಮತ್ತು ಹುಡುಗಿಯರಿಗೆ 5,500, ಎಂಜಿನಿಯರಿಂಗ್‌ನಂಥ ಕೋರ್ಸಿಗೆ 10,000 ಮತ್ತು 11,000 ರೂಪಾಯಿ ಎಂದು ನಿಗದಿಯಾಗಿತ್ತು. ಇದಕ್ಕೆ ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶದ ಎಫ್‌ಐಡಿ, ಅಂದರೆ ರೈತರ ಗುರುತಿನ ಸಂಖ್ಯೆ, ಬೇಕು. ಜಮೀನು ಇನ್ನೂ ಅಜ್ಜನ ಹೆಸರಿನಲ್ಲಿಯೇ ಇರುವ ಮನೆಯವರು ರೈತ ಸಂಪರ್ಕ ಕೇಂದ್ರದಲ್ಲಿ ಮೊದಲೇ ವಿಚಾರಿಸಬೇಕು.

ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ, ದ್ವಿತೀಯ ಪಿಯುಸಿಯಲ್ಲಿ ತಮ್ಮ ಮಂಡಳಿಯ ಮೇಲಿನ ಶೇ 20ರೊಳಗೆ ಬಂದ, 4.5 ಲಕ್ಷದೊಳಗಿನ ಆದಾಯದ ಕುಟುಂಬದವರಿಗೆ ಪದವಿಯ ಮೂರು ವರ್ಷ ವರ್ಷಕ್ಕೆ 12,000 ರೂಪಾಯಿಯ ಯೋಜನೆಯಿದೆ. ಎಐಸಿಟಿಇ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು) ಮಾನ್ಯತೆಯ ತಾಂತ್ರಿಕ ಕೋರ್ಸುಗಳಿಗೆ ಸೇರುವ ಹುಡುಗಿಯರಿಗೆ ಪ್ರಗತಿ ಯೋಜನೆಯಡಿ ವರ್ಷಕ್ಕೆ 50,000 ರೂಪಾಯಿ ಸಿಗುತ್ತದೆ, ಆದಾಯ ಮಿತಿ 8 ಲಕ್ಷ. ಸರ್ಕಾರಿ ಶಾಲೆ ಮತ್ತು ಸರ್ಕಾರಿ ಪಿಯು ಕಾಲೇಜಿನಲ್ಲಿ ಓದಿದ ಹುಡುಗಿಯರು ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ವರ್ಷಕ್ಕೆ 30,000 ರೂಪಾಯಿಯ ವಿದ್ಯಾರ್ಥಿವೇತನವನ್ನು ಮರೆಯಲೇಬಾರದು. ಪದವಿಯ ಅಥವಾ ಡಿಪ್ಲೊಮಾದ ಮೊದಲ ವರ್ಷದಲ್ಲಿರುವಾಗಲೇ ಅರ್ಜಿ ಹಾಕಬೇಕು. ತಂದೆ ಅಥವಾ ತಾಯಿ ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ನೋಂದಾಯಿಸಿಕೊಂಡಿದ್ದರೆ, ಮಂಡಳಿಯ ಶೈಕ್ಷಣಿಕ ನೆರವಿಗಾಗಿ ಕಾರ್ಮಿಕ ಕಾರ್ಡಿನ ನವೀಕರಣ ಆಗಿದೆಯೇ ನೋಡಿ.

ವಿದ್ಯಾರ್ಥಿವೇತನ ಮಾಡಿಸಿಕೊಡುತ್ತೇನೆಂದು ಪಾಲು ಕೇಳುವವರನ್ನೂ ಒಟಿಪಿ ಕೇಳುವವರನ್ನೂ ಹತ್ತಿರ ಸೇರಿಸಬೇಡಿ.

ಹಂತ 7: ಕಾಲೇಜಿಗೆ ಹೋಗಿ ನೋಡುವುದು

ಮೂರು ಕಾಲೇಜುಗಳನ್ನು ಉಳಿಸಿಕೊಂಡು, ಹಣ ತೆಗೆದುಕೊಂಡು ಹೋಗದೆ, ನೋಡಿ ಬನ್ನಿ. ಕಚೇರಿಯಲ್ಲಿ ಎಲ್ಲ ವರ್ಷಗಳ ಶುಲ್ಕದ ವಿವರವನ್ನು ಕಾಲೇಜಿನ ಮೊಹರಿನೊಂದಿಗೆ ಬರೆದುಕೊಡಲು ವಿನಯದಿಂದ ಕೇಳಿ. ಬಾಯಿಮಾತಿನಲ್ಲಿ ಹೇಳಿದ್ದನ್ನು ಕಾಗದದಲ್ಲಿ ಕೊಡಲು ಒಪ್ಪದಿರುವುದು ಅಪಾಯದ ಮೊದಲ ಸೂಚನೆ.

ನಂತರ ಎರಡನೆಯ ವರ್ಷದ ಇಬ್ಬರು ವಿದ್ಯಾರ್ಥಿಗಳನ್ನು ಕ್ಯಾಂಟೀನಿನಲ್ಲೋ ಬಸ್ ನಿಲ್ದಾಣದಲ್ಲೋ ಮಾತನಾಡಿಸಿ. ಮೊದಲ ವರ್ಷ ಹೇಳಿದ್ದಕ್ಕಿಂತ ಹೆಚ್ಚು ಏನೇನು ಕಟ್ಟಿಸಿಕೊಂಡರು, ವಿದ್ಯಾರ್ಥಿವೇತನದ ಅರ್ಜಿಯನ್ನು ಕಾಲೇಜಿನವರು ಸಮಯಕ್ಕೆ ಪರಿಶೀಲಿಸಿ ಮುಂದೆ ಕಳುಹಿಸುತ್ತಾರೆಯೇ, ನಿಮ್ಮ ವಿಷಯಕ್ಕೆ ಅಧ್ಯಾಪಕರು ಇದ್ದಾರೆಯೇ ಎಂದು ಕೇಳಿ. ಸರ್ಕಾರಿ ಪದವಿ ಕಾಲೇಜುಗಳು ಅತಿಥಿ ಉಪನ್ಯಾಸಕರನ್ನು ಬಹಳ ಅವಲಂಬಿಸಿವೆ. ಅವರ ನೇಮಕ ತಡವಾದ ವರ್ಷ ತರಗತಿಗಳು ಖಾಲಿ ಉಳಿಯುತ್ತವೆ. ಶುಲ್ಕ ಕಡಿಮೆಯೆಂದು ಸೇರಿ, ಪಾಠ ನಡೆಯದೆ ಹೊರಗೆ ಟ್ಯೂಷನ್‌ಗೆ ಹಣ ಕೊಡಬೇಕಾಗಿ ಬಂದರೆ ಉಳಿದದ್ದೇನೂ ಇಲ್ಲ. ಹಾಗೆಂದು ಸರ್ಕಾರಿ ಕಾಲೇಜುಗಳನ್ನು ಪಟ್ಟಿಯಿಂದ ತೆಗೆದುಹಾಕಬೇಡಿ. ವಿಷಯದಿಂದ ವಿಷಯಕ್ಕೆ ಪರಿಸ್ಥಿತಿ ಬೇರೆಯಾಗಿರುತ್ತದೆ, ಒಳ್ಳೆಯ ಕಾಯಂ ಅಧ್ಯಾಪಕರಿರುವ ವಿಭಾಗ ತಾಲ್ಲೂಕಿನ ಕಾಲೇಜಿನಲ್ಲಿಯೂ ಸಿಗುತ್ತದೆ.

ಮಾನ್ಯತೆಯನ್ನು ಗೋಡೆಯ ಮೇಲಿನ ಫಲಕ ನೋಡಿ ನಂಬಬೇಡಿ. ಎಂಜಿನಿಯರಿಂಗ್ ಮತ್ತು ಡಿಪ್ಲೊಮಾಕ್ಕೆ ಎಐಸಿಟಿಇ ಜಾಲತಾಣದಲ್ಲಿ ಆ ವರ್ಷದ ಅನುಮೋದನೆ ನೋಡಬೇಕು, 2024-25ರಿಂದ ಬಿ.ಸಿ.ಎ. ಮತ್ತು ಬಿ.ಬಿ.ಎ. ಕೂಡ ಅದರ ವ್ಯಾಪ್ತಿಗೆ ಬಂದಿವೆ. ಬಿ.ಎಸ್ಸಿ. ನರ್ಸಿಂಗ್ ಆದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆ ಮತ್ತು ನರ್ಸಿಂಗ್ ಪರಿಷತ್ತಿನ ಮಾನ್ಯತೆ ಎರಡೂ ಬೇಕು. ನರ್ಸಿಂಗ್ ಮತ್ತು ಪ್ಯಾರಾಮೆಡಿಕಲ್ ಸೀಟುಗಳಿಗೆ ಹಳ್ಳಿಗಳಿಗೇ ಬಂದು ಮಕ್ಕಳನ್ನು ಕರೆದುಕೊಂಡು ಹೋಗುವ ದಲ್ಲಾಳಿಗಳಿದ್ದಾರೆ. ಪ್ರವೇಶಕ್ಕೆ ಕಾಲೇಜಿನಿಂದ ಕಮಿಷನ್ ಪಡೆಯುವವರ ಸಲಹೆ ನಿಮ್ಮ ಹಿತಕ್ಕಾಗಿ ಇರುವುದಿಲ್ಲ.

ಹಂತ 8: ಆಯ್ಕೆ ನಮೂದಿಸಿ, ಶುಲ್ಕ ಕಟ್ಟುವುದು

ಸಾಮಾನ್ಯ ಪದವಿಗೆ ರಾಜ್ಯದ ವಿಶ್ವವಿದ್ಯಾಲಯಗಳ ಪ್ರವೇಶದ ಯುಯುಸಿಎಂಎಸ್ ತಂತ್ರಾಂಶದಲ್ಲಿ ನೋಂದಣಿ ಮಾಡಿಕೊಂಡು ಕಾಲೇಜು ಆರಿಸಬೇಕು. ಸಿಇಟಿಯವರು ಆಯ್ಕೆಗಳನ್ನು ನಮೂದಿಸುವಾಗ, ನಾಲ್ಕನೆಯ ಹಂತದ ಲೆಕ್ಕದಲ್ಲಿ ನಿಮ್ಮ ಕೈಮೀರಿದ ಕಾಲೇಜನ್ನು ಪಟ್ಟಿಗೆ ಸೇರಿಸಲೇಬಾರದು. ಸೀಟು ಹಂಚಿಕೆಯಾದ ಮೇಲೆ ನಾಲ್ಕು ಅವಕಾಶಗಳಿರುತ್ತವೆ. ಮೊದಲನೆಯದು ಸೀಟನ್ನು ಒಪ್ಪಿ ಸೇರುವುದು, ಎರಡನೆಯದು ಒಪ್ಪಿಕೊಂಡು ಮೇಲಿನ ಆಯ್ಕೆಗಾಗಿ ಮುಂದಿನ ಸುತ್ತಿಗೆ ಕಾಯುವುದು, ಮೂರನೆಯದು ಸೀಟನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ನಾಲ್ಕನೆಯದು ಪ್ರಕ್ರಿಯೆಯಿಂದಲೇ ಹೊರಬರುವುದು. ಸಿಕ್ಕಿದ ಸೀಟು ಲೆಕ್ಕಕ್ಕೆ ಹೊಂದುವಂತಿದ್ದರೆ ಮೂರನೆಯದನ್ನು ಒತ್ತಬೇಡಿ. ಬಿಟ್ಟ ಸೀಟು ಮರಳಿ ಬರುವುದಿಲ್ಲ.

ಹಣವನ್ನು ಕಾಲೇಜಿನ ಅಥವಾ ಪ್ರಾಧಿಕಾರದ ಖಾತೆಗೆ ಚಲನ್ ಇಲ್ಲವೇ ಆನ್‌ಲೈನ್ ಮೂಲಕ ಮಾತ್ರ ಕಟ್ಟಿ, ರಸೀದಿ ಪಡೆಯಿರಿ. ವ್ಯಕ್ತಿಯೊಬ್ಬರ ಫೋನ್‌ಪೇ ಸಂಖ್ಯೆಗೆ ಹಾಕಿ ಎಂದರೆ ಅಲ್ಲಿಗೆ ಮಾತು ನಿಲ್ಲಿಸಿ. ಮೂಲ ಪ್ರಮಾಣಪತ್ರಗಳನ್ನು ಪರಿಶೀಲಿಸಿ ಹಿಂದಿರುಗಿಸಬೇಕು, ಇಟ್ಟುಕೊಳ್ಳಬಾರದು ಎಂದು ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2018ರ ಅಧಿಸೂಚನೆಯಲ್ಲಿ ಹೇಳಿದೆ. ಪ್ರವೇಶದ ಅಧಿಕೃತ ಕೊನೆಯ ದಿನಕ್ಕೆ 15 ದಿನ ಅಥವಾ ಹೆಚ್ಚು ಮುಂಚೆ ಬಿಟ್ಟರೆ ಪೂರ್ತಿ ಶುಲ್ಕ, ಅದಕ್ಕಿಂತ ಕಡಿಮೆ ದಿನ ಮುಂಚೆ ಬಿಟ್ಟರೆ ಶೇ 90, ಕೊನೆಯ ದಿನದ ನಂತರ 15 ದಿನದೊಳಗೆ ಶೇ 80, 16ರಿಂದ 30 ದಿನದೊಳಗೆ ಶೇ 50 ಹಿಂದಿರುಗಿಸಬೇಕೆಂದೂ ಅದರಲ್ಲಿದೆ. ಪೂರ್ತಿ ಹಿಂದಿರುಗಿಸುವಾಗ ಅಲ್ಪ ಸಂಸ್ಕರಣಾ ವೆಚ್ಚವನ್ನು ಕಳೆಯಬಹುದು. 30 ದಿನ ದಾಟಿದರೆ ಏನೂ ಸಿಗುವುದಿಲ್ಲ. ಬಿಡುವ ಪತ್ರವನ್ನು ಲಿಖಿತವಾಗಿ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿ ಪಡೆಯುವುದು ಅವಶ್ಯ.

ಸಾಲವನ್ನು ಕೊನೆಗೆ ಯೋಚಿಸಿ. ಅಲ್ಪಸಂಖ್ಯಾತರ ಮತ್ತು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮಗಳ ಅರಿವು ಸಾಲಕ್ಕೆ ಬಡ್ಡಿ ಶೇ 2 ಮಾತ್ರ, ಆದ್ದರಿಂದ ಅರ್ಹತೆಯಿದ್ದವರು ಮೊದಲು ಅಲ್ಲಿಗೆ ಹೋಗಬೇಕು. ಬ್ಯಾಂಕಿನ ಶಿಕ್ಷಣ ಸಾಲಕ್ಕೆ ವಿದ್ಯಾಲಕ್ಷ್ಮಿ ಪೋರ್ಟಲಿನಲ್ಲಿ ಅರ್ಜಿ ಹಾಕಬಹುದು, 4.5 ಲಕ್ಷದೊಳಗಿನ ಆದಾಯದವರಿಗೆ ತಾಂತ್ರಿಕ ಮತ್ತು ವೃತ್ತಿಪರ ಕೋರ್ಸುಗಳ ಅವಧಿಯಲ್ಲಿ ಬಡ್ಡಿ ಸಹಾಯಧನದ ಯೋಜನೆಯಿದೆ, ಅದು ನೀವು ಆರಿಸಿದ ಕಾಲೇಜಿಗೆ ಅನ್ವಯಿಸುತ್ತದೆಯೇ ಎಂದು ಶಾಖೆಯಲ್ಲಿ ಕೇಳಿ. ಊರಿನ ಕೈಸಾಲ ಮತ್ತು ವಾರದ ಕಂತಿನ ಸಂಘದ ಸಾಲಗಳನ್ನು ಕಾಲೇಜಿನ ಶುಲ್ಕಕ್ಕೆ ತರಬೇಡಿ. ವಾರಕ್ಕೊಮ್ಮೆ ಕಟ್ಟುವ ಕಂತು ವರ್ಷಕ್ಕೊಮ್ಮೆ ಬರುವ ಸುಗ್ಗಿಯ ಹಣಕ್ಕೆ ಹೊಂದುವುದಿಲ್ಲ.

ಹಂತ 9: ಸೇರಿದ ಮೊದಲ ತಿಂಗಳು

ನೋಂದಣಿ ಸಂಖ್ಯೆ ಬಂದ ಕೂಡಲೇ ಎಸ್‌ಎಸ್‌ಪಿ ಅರ್ಜಿಗೆ ಬೇಕಾದ ದಾಖಲೆಗಳನ್ನು ಕಾಲೇಜಿನ ಇ-ದೃಢೀಕರಣ ಅಧಿಕಾರಿಯಿಂದ ದೃಢೀಕರಿಸಿಕೊಂಡು ಅರ್ಜಿ ಸಲ್ಲಿಸಿ, ಮುದ್ರಿತ ಪ್ರತಿಯನ್ನು ಫೈಲಿಗೆ ಸೇರಿಸಿ. ವಸತಿ ನಿಲಯದಲ್ಲಿದ್ದು ಮನೆಯಿಂದ ಓಡಾಡುತ್ತೇನೆ ಎಂದು ತುಂಬಿದರೆ ಅರ್ಜಿ ತಿರಸ್ಕೃತವಾಗಬಹುದು. ಹದಿನೈದು ದಿನಕ್ಕೊಮ್ಮೆ ಅರ್ಜಿಯ ಸ್ಥಿತಿಯನ್ನು ನೋಡಿ, ಕಾಲೇಜಿನ ಹಂತದಲ್ಲಿಯೇ ನಿಂತಿದ್ದರೆ ಕಚೇರಿಗೆ ಹೋಗಿ ನೆನಪಿಸಿ. ಹೋದ ದಿನಾಂಕವನ್ನೂ ಮಾತನಾಡಿದ ಸಿಬ್ಬಂದಿಯ ಹುದ್ದೆಯನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ.

ಪಾಠ ನಡೆಯುತ್ತಿಲ್ಲ, ಹೇಳದ ಶುಲ್ಕ ಕೇಳುತ್ತಿದ್ದಾರೆ, ನಿಲಯದಲ್ಲಿ ಸ್ಥಾನ ಸಿಗಲಿಲ್ಲ ಎಂಬಂಥ ತೊಂದರೆಗಳು ಈ ತಿಂಗಳಲ್ಲಿಯೇ ಕಾಣಿಸಿಕೊಳ್ಳುತ್ತವೆ. ಮೇಲೆ ಹೇಳಿದ 30 ದಿನ ಮುಗಿಯುವ ಮೊದಲು ಮನೆಯವರೊಂದಿಗೆ ಕುಳಿತು, ಪಟ್ಟಿಯಲ್ಲಿದ್ದ ಎರಡನೆಯ ಕಾಲೇಜಿನಲ್ಲಿ ಸೀಟು ಉಳಿದಿದೆಯೇ ಎಂದು ವಿಚಾರಿಸಿ ತೀರ್ಮಾನಿಸಿ. ಉಳಿಯುವುದೆಂದಾದರೆ, ಎಸ್‌ಎಸ್‌ಪಿ ಅರ್ಜಿಯನ್ನು ಪ್ರತಿ ವರ್ಷ ಹೊಸದಾಗಿ ಹಾಕಬೇಕು ಎಂಬುದನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ದೊಡ್ಡದಾಗಿ ಬರೆದು, ಅದರ ಪಕ್ಕದಲ್ಲಿ ಆದಾಯ ಪ್ರಮಾಣಪತ್ರದ ಅವಧಿ ಮುಗಿಯುವ ದಿನಾಂಕವನ್ನೂ ನಮೂದಿಸಿ.